ದೊನ್ ಅನಾಕ್ಲೆತೊ ಎಂಟು ಕಂಪ್ಯೂಟರಿಗೆ ಮೆಮೊರಿ ಕೊಟ್ಟದ್ದು

ಕಂಪ್ಯೂಟರಿನ ಮೆಮೊರಿ ಕಡ್ಡಿ ಹೊಸದಾದರೆ ಮುನ್ನೂರ ಇಪ್ಪತ್ತು ಬೊಲಿವಿಯಾನೊ. ಹಳೆಯದಾದರೆ ನೂರೈವತ್ತು, ಅದಕ್ಕೆ ಗ್ಯಾರಂಟಿಯೂ ಉಂಟು, ಕೊಂಡವನು ರಸ್ತೆಯ ತಿರುವು ದಾಟುವವರೆಗೆ. ಅದನ್ನು ಒಳಗೆ ಕೂರಿಸುವವನಿಗೆ ಐವತ್ತು. ಕೂರಿಸುವಾಗ ಅವನು ಬೇರೇನಾದರೂ ಸಡಿಲ ಮಾಡಿದರೆ ಅದನ್ನು ಬಿಗಿ ಮಾಡಲು ಮತ್ತೆ ಐವತ್ತು. ಸೆಟ್ಟಿಂಗ್ ಬದಲಾಯಿಸುವುದು ಮಾತ್ರ ಪುಕ್ಕಟೆ.

ಎಲ್ ಆಲ್ತೊ ಊರಲ್ಲಿ ಗುರುತಿನ ಚೀಟಿ ಕಚೇರಿಯ ಎದುರು, ನೀಲಿ ಗೂಡಂಗಡಿಯಲ್ಲಿ ಕೂತು ಜನರಿಗೆ ಅರ್ಜಿ ತುಂಬಿಕೊಡುವ ಅನಾಕ್ಲೆತೊ ಕಿಸ್ಬರ್ಟ್ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದು ಬೆಳಗ್ಗೆ ಪೂರ್ತಿ ಅದನ್ನೇ ನೋಡಿ, ಪುಕ್ಕಟೆಯದನ್ನು ಆರಿಸಿದ. ಪುಕ್ಕಟೆ ಎನ್ನುವುದು ಎಷ್ಟು ದುಬಾರಿ ಎಂದು ಐವತ್ತಾರು ವರ್ಷದ ಮನುಷ್ಯನಿಗೆ ಗೊತ್ತಿರಬೇಕಿತ್ತು. ಆದರೆ ಅವನು ಉಳಿದೆಲ್ಲ ವಿಷಯಗಳಲ್ಲಿ ಬುದ್ಧಿವಂತ. ಒಂದು ವಿಷಯವನ್ನಾದರೂ ಬಿಟ್ಟುಕೊಡಬೇಕಲ್ಲ.

ಅವನ ಕಂಪ್ಯೂಟರಿನಲ್ಲಿ ಒಂದು ಅರ್ಜಿ ತೆರೆದುಕೊಳ್ಳಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಹನ್ನೊಂದು ನಿಮಿಷ ಬರಿಗೈಲಿ ನಿಲ್ಲುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸ. ಪಕ್ಕದಲ್ಲೇ ದೋನ್ಯಾ ಪ್ಲಾಸಿದಾಳ ಸಾಲ್ತೆನ್ಯಾ ಗಾಡಿ. ಒಳಗೆ ಮಾಂಸದ ಸಾರು ತುಂಬಿದ ಆ ಬಿಸಿ ಕಡುಬನ್ನು ಅಂಗಿಗೆ ಸುರಿಸಿಕೊಳ್ಳದೆ ತಿನ್ನಲು ಐದು ನಿಮಿಷ ಬೇಕು. ಸುರಿದದ್ದನ್ನು ಒರೆಸಿಕೊಳ್ಳಲು ಒಂದು ನಿಮಿಷ. ಒಂದು ತಿಂದವರು ಇನ್ನೊಂದು ತಿನ್ನದೆ ಇರುವುದಿಲ್ಲವಾದ್ದರಿಂದ ಮತ್ತೆ ಐದು. ಹೀಗೆ ಆ ಮಿಷಿನ್ನಿನ ನಿಧಾನವೂ ಆ ಗಾಡಿಯ ವ್ಯಾಪಾರವೂ ಒಂದೇ ಅಳತೆಗೆ ಹೊಲಿದ ಅಂಗಿ ಚಡ್ಡಿಯ ಹಾಗೆ ಏಳು ವರ್ಷದಿಂದ ನಡೆದುಕೊಂಡು ಬಂದಿದ್ದವು.

ಹೀಗಿರುವಾಗ ಅರ್ಜಿಗೆ ಕಾಯುತ್ತಿದ್ದ ಲಾರಿ ಡ್ರೈವರೊಬ್ಬ, ಮೂರನೆಯ ಸಾಲ್ತೆನ್ಯಾಕ್ಕೆ ಹೊಟ್ಟೆಯಲ್ಲಿ ಜಾಗವಿಲ್ಲದೆ, ಬಾಯಿ ತೆರೆದ.

"ಮೇಷ್ಟ್ರೇ, ನಿಮ್ ಮಿಷಿನ್‌ಗೆ ಮೆಮೊರಿ ಸಾಲ್ದು. ಒಳಗಡೆ ಒಂದು ಸೆಟ್ಟಿಂಗ್ ಇರತ್ತೆ. ಅಲ್ಲಿ ನಂಬರ್ ಜಾಸ್ತಿ ಮಾಡಿ. ಡಿಸ್ಕಲ್ಲಿ ಖಾಲಿ ಬಿದ್ದಿರೋ ಜಾಗಾನ ಮೆಮೊರಿ ಅಂತ ಬಳಸ್ಕೊಳತ್ತೆ."

"ದುಡ್ಡು?"

"ದುಡ್ಡು ಯಾಕೆ? ನಿಮ್ದೇ ಜಾಗ, ನಿಮ್ದೇ ಮಿಷಿನ್."

ಮಾರನೆಯ ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅನಾಕ್ಲೆತೊ ಕನ್ನಡಕವನ್ನು ಹಣೆಗೇರಿಸಿ ಕೆಲಸಕ್ಕಿಳಿದ. ಗಂಭೀರ ಕೆಲಸಕ್ಕೆ ಅವನು ಕನ್ನಡಕ ಹಣೆಗೇರಿಸುತ್ತಾನೆ. ಅದರಿಂದ ಏನೂ ಕಾಣುವುದಿಲ್ಲ, ಆದರೆ ನೋಡುವವರಿಗೆ ಭಯ ಬರುತ್ತದೆ. ಕಂಟ್ರೋಲ್ ಪ್ಯಾನೆಲ್ ಎಂಬ ಹೆಬ್ಬಾಗಿಲು ದಾಟಿ, ಸಿಸ್ಟಮ್ ಎಂಬ ಪಡಸಾಲೆ ಹಾಯ್ದು, ಒಳಕೋಣೆ ಹೊಕ್ಕ. ದಾರಿಯಲ್ಲಿ ಯಾವುದೋ ಸಾಲಿನ ಪಕ್ಕದ ಚುಕ್ಕಿಯ ಮೇಲೆ ಮೌಸ್ ಒತ್ತಿಹೋಯಿತು. ಅದೇನೆಂದು ಓದಲು ಕನ್ನಡಕ ಕಣ್ಣಿಗೆ ಬೇಕಿತ್ತು. ಅದು ಹಣೆಯ ಮೇಲಿತ್ತು. ಮುಂದೆ ಹೋದಾಗ ಮೆಮೊರಿಯ ನಂಬರು ಸಿಕ್ಕಿತು. ಎರಡು ಸಾವಿರ ಇದ್ದದ್ದನ್ನು ಹತ್ತು ಸಾವಿರ ಮಾಡಿ, ಶಿಲುಬೆಯ ಗುರುತು ಮಾಡಿಕೊಂಡು, ಮಿಷಿನ್ ಆರಿಸಿ ಹಚ್ಚಿದ.

ತೆರೆಯ ಮೇಲಿನ ಕಿಟಕಿಗಳೆಲ್ಲ ಹೊಳಪು, ನೆರಳು, ದುಂಡು ಮೂಲೆ ಕಳೆದುಕೊಂಡು ಸರ್ಕಾರಿ ಕಟ್ಟಡದ ಹಾಗೆ ಬೂದು ಚೌಕಗಳಾಗಿದ್ದವು. ಮೆಮೊರಿ ಹೆಚ್ಚಾದರೆ ಮಿಷಿನ್ನಿಗೂ ಒಂದು ಗಾಂಭೀರ್ಯ ಬರುತ್ತದೆ, ಸೈಟು ಕೊಂಡ ಮನುಷ್ಯನಿಗೆ ಬಂದ ಹಾಗೆ, ಎಂದು ಅವನು ತಿಳಿದುಕೊಂಡ. ಅರ್ಜಿ ಮೂರು ನಿಮಿಷದಲ್ಲಿ ತೆರೆಯಿತು!

ಆ ದಿನ ಹತ್ತೂವರೆಯ ಹೊತ್ತಿಗೆ ಪ್ಲಾಸಿದಾಳ ಗಾಡಿಯಲ್ಲಿ ಹದಿನಾಲ್ಕು ಸಾಲ್ತೆನ್ಯಾ ಉಳಿದವು. ಅವಳು ಟೋಪಿ ಸರಿ ಮಾಡಿಕೊಂಡು ಬಂದು ಗೂಡಂಗಡಿಯ ಕಿಟಕಿಗೆ ಮೊಣಕೈ ಊರಿದಳು.

"ಏನ್ ದೊನ್ ಅನಾಕ್ಲೆತೊ, ಜನ ಬಂದಷ್ಟೇ ಬೇಗ ಹೋಗ್ತಿದಾರೆ? ಬೈತಿದೀರಾ ಏನು ಅವ್ರಿಗೆ?"

"ಮೆಮೊರಿ ಹೆಚ್ಚಿಸ್ದೆ, ದೋನ್ಯಾ."

"ಎಷ್ಟಿತ್ತು?"

"ಎರಡು."

"ಈಗ?"

"ಹತ್ತು."

"ಅಯ್ಯೋ ದೇವ್ರೇ! ಎಷ್ಟಾಯ್ತು ಖರ್ಚು?"

ಪುಕ್ಕಟೆ ಎಂದು ಹೇಳಿಬಿಟ್ಟಿದ್ದರೆ ಕಥೆ ಇಲ್ಲೇ ಮುಗಿಯುತ್ತಿತ್ತು. ಆದರೆ ಹತ್ತು ಎಂದು ಹೇಳಿದ ಬಾಯಲ್ಲೇ ಪುಕ್ಕಟೆ ಎನ್ನಲು ಅವನಿಗೆ ನಾಲಗೆ ಬರಲಿಲ್ಲ. ನೊಣ ಓಡಿಸುವವನ ಹಾಗೆ ಕೈ ಬೀಸಿ, "ಅದನ್ನೆಲ್ಲ ಕೇಳ್ಬಾರ್ದು ದೋನ್ಯಾ. ಬೇಕಾದ್ದಕ್ಕೆ ಬೇಕಾದ್ದು ಮಾಡ್ಲೇಬೇಕು" ಅಂದ.

ಪ್ಲಾಸಿದಾ ಬರಿಯ ಸಾಲ್ತೆನ್ಯಾ ಮಾರುವವಳಲ್ಲ. ಬಡಾವಣೆಯ ಶಾಲೆಯ ಪೋಷಕರ ಸಂಘಕ್ಕೆ ಅಧ್ಯಕ್ಷಿಣಿ. ಇನ್ನೆರಡು ವಾರಕ್ಕೆ ಶಾಲೆಯ ವಾರ್ಷಿಕೋತ್ಸವ ಇತ್ತು. ಅದಕ್ಕೆ ಬೇಕಾದ ಪದ್ರಿನೊಗಳೆಲ್ಲ ಸಿಕ್ಕಿದ್ದರು: ಕೇಕಿಗೆ ಒಬ್ಬ ಧರ್ಮಪಿತ, ಬ್ಯಾಂಡಿಗೆ ಒಬ್ಬ, ಬಾವುಟಕ್ಕೆ ಒಬ್ಬ, ಮೇಜಿನ ಮೇಲಿನ ಹೂವಿಗೂ ಒಬ್ಬಳು. ಯಾರು ಯಾವುದಕ್ಕೆ ಪದ್ರಿನೊ ಆಗುತ್ತಾರೋ ಅವರು ಅದನ್ನು ತಂದುಕೊಡಬೇಕು. ಬದಲಿಗೆ ಎದೆಗೆ ಅಡ್ಡಪಟ್ಟಿ, ತಲೆಗೆ ಬಣ್ಣದ ಕಾಗದದ ಚೂರು, ಮತ್ತು ಊರಿಗೆಲ್ಲ ಕೊಂಪಾದ್ರೆ ಎಂಬ ನಂಟು. ಯಾರೋ ದಾನ ಕೊಟ್ಟ ಎಂಟು ಮುದಿ ಕಂಪ್ಯೂಟರುಗಳಿಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ತಟ್ಟೆಯಲ್ಲಿ ಉಳಿದ ಸಾಲ್ತೆನ್ಯಾಗಳನ್ನಿಟ್ಟುಕೊಂಡು, ಸಂಘದ ಇನ್ನಿಬ್ಬರು ಹೆಂಗಸರನ್ನು ಸಾಕ್ಷಿಗೆ ಕರೆದುಕೊಂಡು ಬಂದಳು.

"ದೊನ್ ಅನಾಕ್ಲೆತೊ, ನಿಮ್ ಕಂಪ್ಯೂಟರ್‌ಗೆ ಏನ್ ಮಾಡಿದ್ರೋ, ನಮ್ ಸ್ಕೂಲಿನ ಎಂಟಕ್ಕೂ ಅದನ್ನೇ ಮಾಡ್ಬೇಕು. ನೀವು ನಮ್ ಮೆಮೊರಿ ಪದ್ರಿನೊ."

ಅನಾಕ್ಲೆತೊ ಒಳಗೊಳಗೇ ಕುಣಿದ. ಕೇಕಿನವನಿಗೆ ಆರುನೂರು ಖರ್ಚು, ಬ್ಯಾಂಡಿನವನಿಗೆ ಎರಡು ಸಾವಿರ. ತನಗೆ? ಎಂಟು ಸಲ ಬೆರಳು ಆಡಿಸಿದರೆ ಆಯಿತು. ಇಂಥ ಅಗ್ಗದ ಪದ್ರಿನೊಗಿರಿ ಆಂಡೀಸ್ ಪರ್ವತ ಎದ್ದುನಿಂತ ಮೇಲೆ ಯಾರಿಗೂ ಒದಗಿರಲಿಲ್ಲ.

"ಅಷ್ಟೇ ತಾನೇ? ಎಂಟೇನು, ಹದಿನಾರಿದ್ರೂ ಮಾಡ್ಕೊಡ್ತಿದ್ದೆ."

ಆ ಮಾತು ಮುಗಿಯುವಷ್ಟರಲ್ಲಿ ಅವನ ತಲೆಯ ಮೇಲೆ ಒಂದು ಹಿಡಿ ಕಾಗದದ ಚೂರು ಬಿತ್ತು. ಚೂರು ಬಿದ್ದ ಮೇಲೆ ಆಗುವುದಿಲ್ಲ ಅಂದವರು ಆ ಊರಲ್ಲಿ ಇಲ್ಲ. ಮಾತು ಕೊಟ್ಟು ತಪ್ಪಿದವನು ಮಾತ್ರ ಒಬ್ಬನಿದ್ದಾನೆ, ಇಲಾರಿಯೊನ್. ಹದಿನಾಲ್ಕು ವರ್ಷದ ಹಿಂದೆ ಬ್ಯಾಂಡಿನ ಪದ್ರಿನೊ ಆಗಿ, ಕಡೆಗೆ ರೇಡಿಯೊ ಹೊತ್ತುಕೊಂಡು ಬಂದವನು. ಇವತ್ತಿಗೂ ಅವನು ಮಿನಿಬಸ್ ಹತ್ತಿದರೆ ಹಿಂದಿನ ಸೀಟಿನವರು ಬೆರಳಲ್ಲಿ ಸೀಟು ಬಡಿದು ಡೋಲು ಬಾರಿಸುತ್ತಾರೆ.

ಇತ್ತ ಪ್ಲಾಸಿದಾ ಅಂಗಡಿಯಲ್ಲಿ ಬೆಲೆ ವಿಚಾರಿಸಿಕೊಂಡಳು. ಮುನ್ನೂರ ಇಪ್ಪತ್ತು ಎಂಟಲೆ ಎರಡು ಸಾವಿರದ ಐನೂರ ಅರವತ್ತು. ಸಂಘದ ಸಭೆಯಲ್ಲಿ ಅದನ್ನು ಎದ್ದುನಿಂತು ಹೇಳಿದಳು. ನಲವತ್ತೊಂದು ಮನೆಯವರು ಚಪ್ಪಾಳೆ ತಟ್ಟಿದರು. ಹೀಗೆ ಆ ಸುದ್ದಿ ಬ್ರೆಡ್ಡಿನವಳ ಬುಟ್ಟಿಯಲ್ಲಿ ಕೂತು ಅನಾಕ್ಲೆತೊನ ಹೆಂಡತಿ ಸಬೀನಾಳ ಬಳಿಗೆ ಬಂತು.

ಸಬೀನಾ ಗುರುವಾರ, ಭಾನುವಾರ ಸಂತೆಯಲ್ಲಿ ನೆಲಕ್ಕೆ ಬಟ್ಟೆ ಹಾಸಿ ಆಲೂಗಡ್ಡೆ ಮಾರುತ್ತಾಳೆ. ಮನೆಗೆ ಹೊಸ ತಗಡಿನ ಮಾಡು ಹಾಕಿಸಲು ಮೂರು ವರ್ಷದಿಂದ ಹಾಲಿನ ಪುಡಿಯ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟಿದ್ದಾಳೆ. ಗಂಡ ಮನೆಗೆ ಬಂದಾಗ ಡಬ್ಬಿ ಮೇಜಿನ ಮೇಲಿತ್ತು. ಊಟ ಇರಲಿಲ್ಲ.

"ಎಣಿಸ್ದೆ. ಎಲ್ಲಾ ಇದೆ" ಅಂದಳು.

"ಇರ್ಲೇಬೇಕಲ್ಲ."

"ಹಾಗಾದ್ರೆ ಎಂಟು ಮೆಮೊರಿ ಯಾವ್ ದುಡ್ಡಲ್ಲಿ ತರ್ತೀಯ ಮುದುಕಾ? ನನಗೆ ಗೊತ್ತಿಲ್ದೆ ಇನ್ನೊಂದ್ ಡಬ್ಬಿ ಇದೆಯಾ? ಇನ್ನೊಂದ್ ಮನೆ ಇದೆಯಾ?"

"ತರೋದೇನು ಸಬಿ? ಸೆಟ್ಟಿಂಗ್! ಬರೀ ಸೆಟ್ಟಿಂಗ್! ನಂಬರ್ ಜಾಸ್ತಿ ಮಾಡಿದ್ರೆ ಆಯ್ತು."

"ಜನ ಪೆಟ್ಟಿಗೆ ಬರತ್ತೆ ಅಂತ ಕಾಯ್ತಿದಾರೆ. ಎರಡೂವರೆ ಸಾವಿರದ ಪೆಟ್ಟಿಗೆ."

"ಪೆಟ್ಟಿಗೆ ಅಂತ ನಾನ್ ಎಲ್ಲಿ ಅಂದೆ? ನನ್ನದಕ್ಕೆ ಮಾಡಿದ್ದನ್ನೇ ಮಾಡು ಅಂದ್ರು, ಆಯ್ತು ಅಂದೆ."

"ಖರ್ಚೆಷ್ಟು ಅಂತ ಕೇಳಿದ್ದಕ್ಕೆ ಏನ್ ಹೇಳ್ದೆ?"

ಅನಾಕ್ಲೆತೊ ಅಂಗಿಯ ಕಾಲರಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಒಂದು ಕಾಗದದ ಚೂರು ತೆಗೆದು ನೋಡಿದ. ಅದು ಹಳದಿಯದು.

"ಕೈ ಬೀಸ್ದೆ" ಅಂದ.

ಸಬೀನಾ ಒಲೆ ಹಚ್ಚಿದಳು. ಗಂಡ ಕೈ ಬೀಸುವುದರ ಬೆಲೆ ಅವಳಿಗೆ ಮೂವತ್ತು ವರ್ಷದಿಂದ ಗೊತ್ತು.

"ಹೋಗಿ ನಿಜ ಹೇಳ್ಬಿಡು."

"ಹೇಳಿದ್ರೆ ನಾನು ಎರಡನೇ ಇಲಾರಿಯೊನ್ ಆಗ್ತೀನಿ. ಮಾಡಿ ತೋರಿಸಿ ಆಮೇಲೆ ಹೇಳ್ತೀನಿ. ವೇಗ ಬಂದ್ಮೇಲೆ ಪೆಟ್ಟಿಗೆ ಯಾರು ಕೇಳ್ತಾರೆ?"

"ಇಲಾರಿಯೊನ್ನೂ ಹಾಗೇ ಅಂದಿದ್ದ. ಸಂಗೀತ ಬಂದ್ರೆ ಸಾಕು, ಬ್ಯಾಂಡ್ ಯಾರು ಕೇಳ್ತಾರೆ ಅಂತ."

ವಾರ್ಷಿಕೋತ್ಸವದ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಅನಾಕ್ಲೆತೊನ ಕೈಯಲ್ಲಿ ಏನೂ ಇರಲಿಲ್ಲ. ಸಬೀನಾಳ ಬೆನ್ನಿನ ಬಣ್ಣದ ಬಟ್ಟೆಯ ಗಂಟಿನಲ್ಲಿ ಏನೋ ಇತ್ತು. ಅವನು ಅದೇನೆಂದು ಕೇಳಲಿಲ್ಲ. ನಡೆಯುವಾಗ ಅದು ಹಾಲಿನ ಪುಡಿಯ ಡಬ್ಬಿಯ ಹಾಗೆ ಗಲಗಲ ಅನ್ನುತ್ತಿತ್ತು.

ಶಾಲೆಯ ಅಂಗಳದಲ್ಲಿ ಬ್ಯಾಂಡು ಶುರುವಾಯಿತು. ಬಿಳಿ ಸ್ಯಾಟಿನ್ ಬಟ್ಟೆಯ ಮೇಲೆ 'ಮೆಮೊರಿ ಪದ್ರಿನೊ' ಎಂದು ಚಿನ್ನದ ದಾರದಲ್ಲಿ ಕಸೂತಿ ಮಾಡಿದ ಪಟ್ಟಿಯನ್ನು ಅನಾಕ್ಲೆತೊನ ಎದೆಗೆ ಅಡ್ಡಲಾಗಿ ತೊಡಿಸಿದರು. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಣ್ಣದ ಸುರುಳಿ, ಎಂಟು ಮಿಷಿನ್ನಿಗೂ ಬಲೂನು. ಮೊದಲ ಸಾಲಿನಲ್ಲಿ ಇಲಾರಿಯೊನ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದ. ಪೆಟ್ಟಿಗೆ ಕಾಣದಿರುವುದನ್ನು ಮೊದಲು ಗಮನಿಸಿದವನು ಅವನೇ. ಅವನ ಮುಖದಲ್ಲಿ ದ್ವೇಷವಿರಲಿಲ್ಲ. ಹದಿನಾಲ್ಕು ವರ್ಷ ಒಬ್ಬನೇ ಕೂತ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುವವನ ಅಕ್ಕರೆ ಇತ್ತು.

"ಎಲ್ಲಿ ದೊನ್ ಅನಾಕ್ಲೆತೊ, ಮೆಮೊರಿ?" ಪ್ಲಾಸಿದಾ ಕೇಳಿದಳು. "ಲಾರಿ ಹಿಂದೆ ಬರ್ತಿದೆಯಾ?"

"ಲಾರಿ ಇಲ್ಲ, ದೋನ್ಯಾ. ಬೆರಳಲ್ಲೇ ಮಾಡೋದು."

"ಬೆರಳಲ್ಲಿ?"

"ನನ್ನದಕ್ಕೂ ಹಾಗೇ ಮಾಡಿದ್ದು. ಸೆಟ್ಟಿಂಗ್."

"ಅದಕ್ಕೆ ಖರ್ಚಾಗಿದ್ದು?"

ಸಬೀನಾ ಹಿಂದಿನಿಂದ ಅವನ ಬೆನ್ನಿಗೆ ಒಂದು ಬೆರಳು ಚುಚ್ಚಿದಳು.

"ಪುಕ್ಕಟೆ" ಅಂದ ಅನಾಕ್ಲೆತೊ. ಬ್ಯಾಂಡು ಸರಿಯಾಗಿ ಆ ಹೊತ್ತಿಗೆ ನಿಂತಿತ್ತು. ತುತ್ತೂರಿಯವನೂ ಕೇಳಿಸಿಕೊಂಡ.

ಪ್ಲಾಸಿದಾಳ ಮುಖ ಒಲೆಯಿಂದ ತೆಗೆದ ಸಾಲ್ತೆನ್ಯಾದ ಬಣ್ಣಕ್ಕೆ ತಿರುಗಿತು. "ನಲವತ್ತೊಂದು ಮನೆಗೆ ಎರಡು ಸಾವಿರದ ಐನೂರ ಅರವತ್ತು ಅಂತ ಹೇಳಿದೀನಿ ನಾನು! ಎದ್ದುನಿಂತು ಹೇಳಿದೀನಿ!"

"ಅಷ್ಟರ ಕೆಲ್ಸ ಮಾಡತ್ತೆ, ದೋನ್ಯಾ."

"ಮಾಡಿ ಹಾಗಾದ್ರೆ. ಇಲ್ಲೇ. ಎಲ್ರ ಮುಂದೆ."

ಮೊದಲನೆಯ ಮಿಷಿನ್ ಹಚ್ಚಿದರು. ತೆರೆಯ ಮೇಲೆ ಮೊದಲು ಹೆಡ್‌ಮಾಸ್ಟರ್ ರೂಪೆರ್ತೊ ಇತುರ್ರಿಯವರ ಮುಖ ನಿಧಾನವಾಗಿ, ಹಣೆಯಿಂದ ಗಲ್ಲದವರೆಗೆ, ಬೆಟ್ಟದ ಮೇಲೆ ಬಿಸಿಲಿಳಿದ ಹಾಗೆ ಇಳಿದು ಬಂತು. ಆ ಮುಖ ಮಕ್ಕಳಿಗೆ ಸ್ವಾಗತ ಹೇಳಿತು. ಆಮೇಲೆ ಶಾಲೆಯ ಗೀತೆ, ನಾಲ್ಕು ಚರಣ. ಎಲ್ಲರೂ ಎದ್ದುನಿಂತರು, ಗೀತೆ ಬಂದಾಗ ಕೂರಬಾರದಲ್ಲ. ಒಂಬತ್ತು ನಿಮಿಷವಾದ ಮೇಲೆ ಮಿಷಿನ್ ಕೆಲಸಕ್ಕೆ ಸಿಕ್ಕಿತು.

ಅನಾಕ್ಲೆತೊ ಕನ್ನಡಕ ಹಣೆಗೇರಿಸಿ, ಹೆಬ್ಬಾಗಿಲು, ಪಡಸಾಲೆ, ಒಳಕೋಣೆ ಎಲ್ಲ ದಾಟಿ, ನಂಬರು ಹತ್ತು ಸಾವಿರ ಮಾಡಿ ಗುಂಡಿ ಒತ್ತಿದ. ಮಿಷಿನ್ ಒಂದು ಗಂಟೆ ಬಾರಿಸಿ, ಒಂದು ಹಳದಿ ತ್ರಿಕೋನ ತೋರಿಸಿತು.

"ಏನಂತೆ?" ಸಬೀನಾ ಕಿವಿಯಲ್ಲಿ ಕೇಳಿದಳು.

"ಡಿಸ್ಕಲ್ಲಿ ಜಾಗ ಇಲ್ವಂತೆ."

ಮೊದಲ ಸಾಲಿನಲ್ಲಿ ಇಲಾರಿಯೊನ್‌ನ ಬೆರಳುಗಳು ತಾವಾಗಿಯೇ ಕುರ್ಚಿಯ ಕೈ ಮೇಲೆ ಮೆಲ್ಲಗೆ ಡೋಲು ಬಾರಿಸತೊಡಗಿದವು. ಸಬೀನಾಳ ಕೈ ಬೆನ್ನಿನ ಬಟ್ಟೆಯನ್ನು ಎದೆಯ ಮೇಲೆ ಬಿಗಿದಿದ್ದ ಗಂಟಿಗೆ ಹೋಯಿತು. ಅದನ್ನು ಬಿಚ್ಚಿದರೆ ಈ ಮಳೆಗಾಲವೂ ಮಂಚದ ಸುತ್ತ ಬಕೆಟ್ ಇಟ್ಟುಕೊಂಡು ಮಲಗಬೇಕು.

"ತಾಳು" ಅಂದಳು ತನಗೇ. ಆಮೇಲೆ ಗಂಡನಿಗೆ, "ಈ ಡಿಸ್ಕು ಅಂದ್ರೆ ಏನು? ನನ್ ವ್ಯಾಪಾರದ ಭಾಷೇಲಿ ಹೇಳು."

"ಮೆಮೊರಿ ಅಂದ್ರೆ ನೀನು ನೆಲಕ್ಕೆ ಹಾಸೋ ಬಟ್ಟೆ. ಡಿಸ್ಕು ಅಂದ್ರೆ ಮನೆ ಹಿಂದಿನ ಉಗ್ರಾಣ. ಬಟ್ಟೆ ಚಿಕ್ಕದಾದ್ರೆ ಉಗ್ರಾಣಾನೂ ಬಟ್ಟೆ ಅಂತ ಲೆಕ್ಕ ಇಟ್ಕೋ ಅಂತ ಹೇಳೋದು ಈ ನಂಬರು."

"ಥೂ ನಿನ್ನ! ಗಿರಾಕಿ ಕೇಳಿದಾಗೆಲ್ಲ ಸಂತೆಯಿಂದ ಮನೆಗೆ ಓಡಿ ಮೂಟೆ ತಂದ್ರೆ ವ್ಯಾಪಾರ ಬೇಗ ಆಗತ್ತಾ? ಮೊದ್ಲು ಬಟ್ಟೆ ಮೇಲೆ ಮಾರಾಟಕ್ಕಿಲ್ದೇ ಇರೋದು ಏನಿದೆ ಅಂತ ನೋಡು. ಅದನ್ನ ತೆಗಿ."

ಅನಾಕ್ಲೆತೊ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಅವಳು ಕೈ ಚಾಚಿ ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಎಲ್ಲ ಓದಲು ಬಂತು. ಅಂದು ಗೂಡಂಗಡಿಯ ಮಿಷಿನ್ನಿನಲ್ಲಿ ಅವನು ಕೈತಪ್ಪಿ ಒತ್ತಿದ್ದ ಚುಕ್ಕಿಯ ಪಕ್ಕದ ಸಾಲು ಹೇಳುತ್ತಿತ್ತು: ಹೆಚ್ಚಿನ ವೇಗ ಬೇಕಾದರೆ ಇದನ್ನು ಒತ್ತಿ. ಕೆಳಗೆ ತೆಗೆಯಬೇಕಾದ ಅಲಂಕಾರಗಳ ಪಟ್ಟಿ: ನೆರಳು, ಹೊಳಪು, ದುಂಡು ಮೂಲೆ. ಅವನ ಮಿಷಿನ್ನಿಗೆ ವೇಗ ಬಂದದ್ದು ಹತ್ತು ಸಾವಿರದಿಂದಲ್ಲ. ಅದರ ಮೈಮೇಲಿನ ಒಡವೆ ಕಳಚಿದ್ದರಿಂದ.

ಚುಕ್ಕಿ ಒತ್ತಿದ. ತೆರೆ ಬೂದಾಯಿತು. "ಇನ್ನು ಎರಡು ತೆಗೀಬೇಕು" ಅಂದ. "ಮಿಷಿನ್ ಹಚ್ಚಿದ ಕೂಡ್ಲೇ ತಾನಾಗೇ ಶುರುವಾಗೋ ಸ್ವಾಗತ. ಮತ್ತೆ ಇಲ್ಲೊಂದು ದೊಡ್ ಮೂಟೆ ಇದೆ, ಮೆರವಣಿಗೆ ಅಂತ. ಆರು ವರ್ಷದ ವಿಡಿಯೊ. ಡಿಸ್ಕು ತುಂಬಿರೋದು ಅದರಿಂದ್ಲೇ."

ಹೆಡ್‌ಮಾಸ್ಟರು ಎದ್ದರು. "ಅದು ಈ ಶಾಲೆಯ ಇತಿಹಾಸ! ಎಂಟರಲ್ಲೂ ನಾನೇ ಖುದ್ದಾಗಿ ಹಾಕಿದ್ದು. ಒಂದು ಕೆಟ್ಟರೂ ಇತಿಹಾಸ ಉಳೀಲಿ ಅಂತ!"

"ಪ್ರೊಫೆ," ಪ್ಲಾಸಿದಾ ಅಂದಳು. ಅವಳು ಎರಡು ಸಾವಿರದ ಐನೂರ ಅರವತ್ತನ್ನು ಎದ್ದುನಿಂತು ಹೇಳಿದವಳು. ಅದನ್ನು ಹೇಗಾದರೂ ನಿಜ ಮಾಡಲೇಬೇಕಿತ್ತು. "ಇತಿಹಾಸ ಎಂಟು ಕಡೆ ಯಾಕೆ? ನಿಮ್ ಆಫೀಸಿನ ಮಿಷಿನ್‌ನಲ್ಲಿ ಒಂದಿದ್ರೆ ಸಾಕು. ಅದನ್ನ ನೋಡೋರೂ ಅಲ್ಲೇ ಇರೋದು."

"ನನ್ನ ಸ್ವಾಗತ?"

"ನಿಮ್ ಮುಖ ಮಕ್ಳು ದಿನಾ ಗೇಟಲ್ಲಿ ನೋಡ್ತಾರೆ ಪ್ರೊಫೆ. ಹೆದರೋದು ದಿನಕ್ಕೆ ಒಂದ್ಸಲ ಸಾಕು."

ತಾಯಂದಿರು ನಕ್ಕರು. ಹೆಡ್‌ಮಾಸ್ಟರು ನಗಬಾರದೆಂದುಕೊಂಡು, ತಡೆಯಲಾರದೆ ಕೆಮ್ಮಿ, "ಗೀತೆ ಮಾತ್ರ ಒಂದು ಚರಣ ಉಳಿಸಿ" ಅಂದರು. ಒಂದು ಚರಣ ಉಳಿಸಿದರು. ಉಳಿದದ್ದು ಅವರ ಆಫೀಸಿಗೆ ಹೋಯಿತು.

ಮಿಷಿನ್ ಆರಿಸಿ ಮತ್ತೆ ಹಚ್ಚಿದರು. ಬ್ಯಾಂಡಿನವನ ಕೈಗಡಿಯಾರದ ಮೇಲೆ ನಲವತ್ತೊಂದು ಮನೆಯವರ ಕಣ್ಣು. ಒಂದು ಚರಣ. ಬೂದು ತೆರೆ. ಎರಡೂವರೆ ನಿಮಿಷ!

ತುತ್ತೂರಿಯವನು ಯಾರೂ ಹೇಳದೆ ಊದಿದ. ಪ್ಲಾಸಿದಾ ಕಾಗದದ ಚೂರನ್ನು ಈ ಸಲ ಸಬೀನಾಳ ಟೋಪಿಯ ಮೇಲೆ ಸುರಿದಳು. ಉಳಿದ ಏಳನ್ನೂ ಮಾಡಿ ಮುಗಿಸುವ ಹೊತ್ತಿಗೆ ಕೇಕು ಕತ್ತರಿಸಿದ್ದರು. ಅನಾಕ್ಲೆತೊ ತಟ್ಟೆ ಹಿಡಿದುಕೊಂಡು ಹೋಗಿ ಇಲಾರಿಯೊನ್ ಪಕ್ಕದಲ್ಲೇ ಕೂತ.

"ಬರ್ತೀರ ಅಂದ್ಕೊಂಡಿದ್ದೆ" ಅಂದ ಇಲಾರಿಯೊನ್, ಸ್ವಲ್ಪ ಬೇಸರದಿಂದ.

"ಬಂದೆನಲ್ಲ" ಅಂದ ಅನಾಕ್ಲೆತೊ, ಕೇಕಿನ ಹೂವಿರುವ ತುಂಡನ್ನು ಅವನ ತಟ್ಟೆಗೆ ಹಾಕಿ.

ಸಂಘದ ಪುಸ್ತಕದಲ್ಲಿ ಪ್ಲಾಸಿದಾ ತನ್ನ ಕೈಯಾರೆ ಹೀಗೆ ಬರೆದಳು: 'ಮೆಮೊರಿ ಪದ್ರಿನೊ, ದೊನ್ ಅನಾಕ್ಲೆತೊ ಕಿಸ್ಬರ್ಟ್. ಕೊಟ್ಟದ್ದು, ಏನೂ ಇಲ್ಲ. ತೆಗೆದದ್ದು, ಬಹಳ. ಬೆಲೆ, ಎರಡು ಸಾವಿರದ ಐನೂರ ಅರವತ್ತು.' ಆ ಅಂಕಿಯನ್ನು ಅವಳು ಕೊನೆಗೂ ಬಿಟ್ಟುಕೊಡಲಿಲ್ಲ.

ಸೋಮವಾರ ಬೆಳಗ್ಗೆ ಗೂಡಂಗಡಿಯ ಮುಂದೆ ಎಂದಿನಂತೆ ಸಾಲು. ಅರ್ಜಿ ಮೂರು ನಿಮಿಷಕ್ಕೆ ತೆರೆಯುತ್ತಿತ್ತು, ಜನ ಬಂದಷ್ಟೇ ಬೇಗ ಹೋಗುತ್ತಿದ್ದರು. ಹತ್ತೂವರೆಗೆ ಪಕ್ಕದ ಗಾಡಿಯಲ್ಲಿ ಹದಿನಾಲ್ಕು ಸಾಲ್ತೆನ್ಯಾ ತಣ್ಣಗಾಗುತ್ತಿದ್ದವು. ಪ್ಲಾಸಿದಾ ಅವಕ್ಕೆ ಬಟ್ಟೆ ಮುಚ್ಚಿದಳು. ಈಗ ಅವನು ಕೊಂಪಾದ್ರೆ, ಅವಳು ಅದೇ ನಂಟಿನ ಕೊಮಾದ್ರೆ. ಕೊಂಪಾದ್ರೆಯ ಏಳಿಗೆಗೆ ಅಡ್ಡ ಮಾತಾಡುವ ಹಾಗಿಲ್ಲ. ಕೊಮಾದ್ರೆಗೆ ನಷ್ಟವಾಗುವುದನ್ನು ಕೊಂಪಾದ್ರೆ ನೋಡಿಕೊಂಡು ಕೂರುವ ಹಾಗೂ ಇಲ್ಲ.

ಅನಾಕ್ಲೆತೊ ಕನ್ನಡಕವನ್ನು ಸರಿಯಾಗಿ ಮೂಗಿನ ಮೇಲಿಟ್ಟುಕೊಂಡು ಒಳಕೋಣೆಗೆ ಹೋಗಿ, ಎಲ್ಲ ಓದಿ, ಚುಕ್ಕಿಯನ್ನು ಮೊದಲಿದ್ದಲ್ಲಿಗೇ ಸರಿಸಿದ. ನೆರಳು ಬಂತು, ಹೊಳಪು ಬಂತು, ಮೂಲೆಗಳು ದುಂಡಾದವು.

"ಯಾಕ್ ಮೇಷ್ಟ್ರೇ, ನಿಂತ್‌ಹೋಯ್ತಾ?" ಕಿಟಕಿಯ ಹೊರಗಿನವನು ಕೇಳಿದ.

"ತೆರ್ಕೊಳ್ತಾ ಇದೆ ಸ್ವಾಮಿ. ಹನ್ನೊಂದು ನಿಮಿಷ. ಅಷ್ಟರಲ್ಲಿ ಏನಾದ್ರೂ ತಿಂದ್ಬನ್ನಿ."

ಶಾಲೆಯ ಮಕ್ಕಳಿಗೆ ಸಿಕ್ಕಿದ್ದು ಮಿಷಿನ್ನಿಗೆ ಆರೂವರೆ ನಿಮಿಷ. ಅನಾಕ್ಲೆತೊಗೆ ಸಿಕ್ಕಿದ್ದು ನಲವತ್ತೊಂದು ಮನೆಯ ನಂಟು, ದಿನಕ್ಕೊಂದು ಪುಕ್ಕಟೆ ಸಾಲ್ತೆನ್ಯಾ. ಸಬೀನಾಳ ಡಬ್ಬಿ ತೆರೆಯದೆ ಮನೆಗೆ ಹೋಯಿತು, ಮಳೆಗಾಲಕ್ಕೆ ಮುಂಚೆ ಮಾಡಿಗೆ ತಗಡು ಬಿತ್ತು. ಹೋದದ್ದು ಅವನ ಮಿಷಿನ್ನಿನ ವೇಗ ಒಂದೇ.